ಒಪ್ಪಿಗಿ ಒತ್ತಪಾ!

ಟಿಕೋಟಾದ ಈ ಕಾಕಾ ಯಾರನ್ನೂ ಸುಮ್ಮನೆ ನಂಬುವವರಲ್ಲ. ಒಣದ್ರಾಕ್ಷಿ ತೂಗುವ ಮೊದಲು ದಲಾಲರ ತಕ್ಕಡಿಯನ್ನೇ ತಪಾಸಣೆ ಮಾಡುತ್ತಾರೆ. ಫೋನಿನ ಮುಂದೆ ಮಾತ್ರ ಪರಮ ಭಕ್ತರು.

ಬಬಲೇಶ್ವರದಿಂದ ಬಂದಿದ್ದ ಅಣ್ಣನ ಮಗ ಗಾಬರಿಯಾದ. "ಕಾಕಾ, ಈ ಟಾರ್ಚ್ ಆ್ಯಪ್ ನೀವು ಎಲ್ಲಿದ್ದೀರಿ ಅಂತ ಕೇಳಾಕತ್ತೈತ್ರಿ. ಬೆಳಕ ಬಿಡಾಕ ಅದ್ಯಾಕ ಬೇಕು?"

"ದೊಡ್ಡ ಕಂಪನಿ ಇರತಾವಪಾ. ಒಪ್ಪಿಗಿ ಒತ್ತು."

"ವಾಟ್ಸ್‌ಆ್ಯಪ್‌ನ 2021ರ ಖಾಸಗಿತನ ನೀತಿ ಓದೀರೇನ್ರಿ?"

"ಓದಕೋತ ಕುಂತ್ರ ಹೊಲ ಯಾರು ನೋಡ್ತಾರ?"

"ಒಪ್ಪು, ಇಲ್ಲಾ ಬಿಡು ಅನ್ನೋ ಆ ನೀತಿಗೇ ಸ್ಪರ್ಧಾ ಆಯೋಗ 2024ರ ನವೆಂಬರಿನಾಗ ವಾಟ್ಸ್‌ಆ್ಯಪ್‌ನ ಮಾಲಕ ಮೆಟಾ ಕಂಪನಿಗೆ 213.14 ಕೋಟಿ ದಂಡ ಹಾಕೇತ್ರಿ."

"ಅದರಾಗ ನನ್ನ ಪಾಲೆಷ್ಟು?"

"ಸೊನ್ನೀರಿ."

ಕಾಕಾರನ್ನಷ್ಟೇ ದೂರುವುದು ಅನ್ಯಾಯ. ದಲಾಲ, ಬೀಗರು, ಔಷಧದಂಗಡಿಯವ ಎಲ್ಲರೂ ಒಂದೇ ಆ್ಯಪಿನಲ್ಲಿರುವಾಗ 'ಬಿಡು' ಎಂಬ ಆಯ್ಕೆ ಹೆಸರಿಗಷ್ಟೇ. ಆದರೂ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲಿ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಪಟ್ಟು ಹಿಡಿದದ್ದರಿಂದ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ.

"86ರ ಅಜ್ಜಾರು ಸರಕಾರದ ಮ್ಯಾಲ ಕೇಸು ಹಾಕ್ಯಾರ. ನಿಮಗ ಲೊಕೇಶನ್ ಬಂದ್ ಮಾಡಾಕ ಬ್ಯಾಸರೇನ್ರಿ?"

"ಬಂದ್ ಮಾಡಿದ್ರ ವಿಜಯಪುರದ ಮಾರ್ಕೆಟ್ಟಿಗೆ ದಾರಿ ಯಾರು ತೋರಸ್ತಾರ?"

"ಹುಟ್ಟಿದಾಗಿಂದ ಹೋಗಾಕತ್ತೀರಲ್ರಿ!"

ಅಷ್ಟರಲ್ಲಿ ಟಾರ್ಚ್ ಮತ್ತೊಂದು ಅನುಮತಿ ಬೇಡಿತು. ಕಾಕಾ ಕನ್ನಡಕ ಏರಿಸಿದರು. "ಈಗೇನ ಬೇಕಂತ?"

"ಫೋನಿನಾಗಿರೋ ಎಲ್ಲಾರ ನಂಬರ್ರಿ. ಬೀಗರದೂ ಸೇರಿ."

"ಬೀಗರದು ಕೊಡು."