ಪನೋರಮಾ ಮಾವ

ಮದುವೆಮನೆಯಲ್ಲಿ ಊಟದ ಪಂಕ್ತಿ ಕೂತ ಹೊತ್ತಿಗೆ ಸರಿಯಾಗಿ ಟ್ರೈಪಾಡ್ ಹೊತ್ತು ಬಂದು, "ಯಾರೂ ಅಲ್ಲಾಡಬೇಡಿ, ಒಂದೇ ನಿಮಿಷ" ಎನ್ನುವವರು ಪನೋರಮಾ ಮಾವ. ಹುಳಿ ಬಡಿಸುವವನು ಯಾರ ಮಾತಿಗೂ ನಿಲ್ಲುವ ಪೈಕಿಯಲ್ಲ. ಹೀಗಾಗಿ ಮಾವನ ಚಿತ್ರದಲ್ಲಿ ಒಂದೇ ಪಂಕ್ತಿಗೆ ಮೂವರು ಬಡಿಸುವವರು. ಮೂವರದೂ ಒಂದೇ ಮುಖ.

ಕಳೆದ ಚಳಿಗಾಲದಲ್ಲಿ ಮಾವ ಹಂಪಿಯ ಮತಂಗ ಬೆಟ್ಟ ಹತ್ತಿದರು. ಸುತ್ತ ಬಂಡೆ, ಕೆಳಗೆ ತುಂಗಭದ್ರೆ, ಅತ್ತ ವಿರೂಪಾಕ್ಷನ ಗೋಪುರ. ಆಕಾಶವೂ ಹಿಡಿಯಲೆಂದು ಕ್ಯಾಮೆರಾ ನೆಟ್ಟಗೆ ನಿಲ್ಲಿಸಿ, 18 ಮಿ.ಮೀ. ಲೆನ್ಸಿನಲ್ಲಿ, 30 ಡಿಗ್ರಿಗೊಂದರಂತೆ 12 ಫೋಟೊ ತೆಗೆದರು. ಸುತ್ತು ಪೂರ್ತಿ.

ಮನೆಗೆ ಬಂದು ಹಗಿನ್ ತಂತ್ರಾಂಶಕ್ಕೆ ಹಾಕಿ ಹೊಲಿಸಿದರೆ, ಗೋಪುರ ಎರಡು!

"ಪ್ಯಾರಲ್ಯಾಕ್ಸ್" ಎಂದರು ಮಾವ, ವೈದ್ಯರು ಕಾಯಿಲೆಯ ಹೆಸರು ಹೇಳುವ ಗತ್ತಿನಲ್ಲಿ. ಕ್ಯಾಮೆರಾ ಹಿಂದೆಮುಂದೆ ಸರಿಸುವ ಹಳಿಯೊಂದು ಮರುವಾರವೇ ಕೊರಿಯರಿನಲ್ಲಿ ಬಂತು. ಕಾಲಬುಡದ ಬಂಡೆ ಸೀಳಿದ್ದರೆ ಆ ಮಾತು ಒಪ್ಪಬಹುದಿತ್ತು. ಅಷ್ಟು ದೂರದ ಗೋಪುರ ಯಾಕೆ ಎರಡಾಯಿತೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕಡೆಗೆ ಸೊಸೆ ಕೂತು ನೋಡಿದಳು. ಬಣ್ಣ ತಿದ್ದುವ ಗಡಿಬಿಡಿಯಲ್ಲಿ ಮಾವ ಫೋಟೊಗಳ ಎಕ್ಸಿಫ್ ಮಾಹಿತಿ ಕಳೆದಿದ್ದರು. ಲೆನ್ಸ್ ಯಾವುದೆಂದು ತಿಳಿಯದ ಹಗಿನ್, ನೋಟದ ಕೋನ ಎಷ್ಟೆಂದು ಕೇಳಿತ್ತು. ಎಪಿಎಸ್-ಸಿ ಸೆನ್ಸರಿಗೆ 18 ಮಿ.ಮೀ. ಎಂದರೆ 66 ಡಿಗ್ರಿ. ಮಾವನಿಗೆ ಮಗ್ಗಿಯಂತೆ ಬಾಯಿಪಾಠ. ಒತ್ತಿಬಿಟ್ಟಿದ್ದರು.

"ಮಾವ, ಅದು ಕ್ಯಾಮೆರಾ ಅಡ್ಡ ಹಿಡಿದಾಗಿನ ಲೆಕ್ಕ. ನೀವು ನಿಲ್ಲಿಸಿ ತೆಗೆದಿದ್ದೀರಲ್ಲ?"

ನಿಲ್ಲಿಸಿದರೆ ಸೆನ್ಸರಿನ ಗಿಡ್ಡ ಬದಿಯೇ ಅಗಲ. ಕೋನ ಸುಮಾರು 47ಕ್ಕೆ ಇಳಿಯುತ್ತದೆ. 47ರ ಚಿತ್ರವನ್ನು 66 ಎಂದು ನಂಬಿಸಿದ್ದಕ್ಕೆ, ಮಾವ 30 ಡಿಗ್ರಿ ತಿರುಗಿದ್ದನ್ನು ಹಗಿನ್ 44 ಎಂದು ಎಣಿಸಿತು. 12 ಸಲಕ್ಕೆ 520 ದಾಟಿತು. ಮತಂಗ ಮುನಿಗೂ ದಕ್ಕಿದ್ದು 360 ಮಾತ್ರ!

ಸೊಸೆ ಅಂದಾಜಿಗೆ 50 ಎಂದು ಕೊಟ್ಟಳು. ಕೊನೆಯ ಫೋಟೊವನ್ನು ಮೊದಲನೆಯದಕ್ಕೆ ನಾಲ್ಕಾರು ಬಿಂದುಗಳಿಂದ ಗಂಟು ಹಾಕಿ, ಕೋನವನ್ನೂ ನೀನೇ ಹುಡುಕು ಎಂದು ಹಗಿನ್‌ಗೆ ಬಿಟ್ಟಳು. ಎರಡು ತುದಿ ಕೂಡಲೇಬೇಕಾದ ಸುತ್ತಿನಲ್ಲಿ ತಪ್ಪು ಕೋನಕ್ಕೆ ಅವಿತುಕೊಳ್ಳಲು ಜಾಗ ಸಿಗುವುದಿಲ್ಲ. ಅಂಕಿ ತಾನಾಗಿ 47ರ ಹತ್ತಿರ ಬಂದು ಕೂತಿತು.

"ನಾನೂ ಅದನ್ನೇ ಹೇಳ್ತಿದ್ದೆ" ಎಂದರು ಮಾವ.

"ಆ ಹಳಿ ವಾಪಸ್ ತಗೋತಾರೇನ್ರೀ?" ಎಂದರು ಅತ್ತೆ.

ಚಿತ್ರ ಈಗ ಆರಡಿ ಉದ್ದ ಪ್ರಿಂಟಾಗಿ ಹಾಲಿನಲ್ಲಿದೆ. ಗೋಡೆ ಇರುವುದು ನಾಲ್ಕೂವರೆ ಅಡಿ. ಗೋಪುರ ಒಂದೇ, ಸರಿಯಾಗಿಯೇ ಇದೆ; ನೋಡಬೇಕೆಂದರೆ ಫ್ರಿಜ್ ಸರಿಸಬೇಕು.