ಸಕ್ಕರೆ ಆನೆಗೆ ಸೊಂಡಿಲಿಲ್ಲದ ಕಾರಣ: ಒಂದು ಸಂಕ್ರಾಂತಿ ಮೀಮಾಂಸೆ

ಆನೆಗೆ ಸೊಂಡಿಲಿರುವುದು ಲೋಕಸಿದ್ಧ. ಆದರೆ ಪ್ರತಿವರ್ಷ ಸಂಕ್ರಾಂತಿಯ ಮಾರನೆಯ ಬೆಳಗ್ಗೆ ನಮ್ಮ ಮನೆಯ ಸ್ಟೀಲ್ ಡಬ್ಬಿಯಲ್ಲಿ ಸಿಗುವ ಸಕ್ಕರೆ ಅಚ್ಚಿನ ಆನೆಗಳಿಗೆ ಸೊಂಡಿಲಿರುವುದಿಲ್ಲ. ಗಿಳಿಗೆ ಕೊಕ್ಕಿಲ್ಲ, ಗೋಪುರಕ್ಕೆ ಕಳಶವಿಲ್ಲ. ತುಳಸಿ ಬೃಂದಾವನ ಮಾತ್ರ ಅಖಂಡವಾಗಿರುತ್ತದೆ. ಹಲ್ಲಿಗೆ ಸಿಗುವ ಮೂಲೆ ಅದಕ್ಕಿಲ್ಲ ಎಂಬುದು ಪೂರ್ವಸೂರಿಗಳ ಮತ. ಪೂರ್ವಸೂರಿಗಳು ಅಂದರೆ ನಮ್ಮಮ್ಮ.

ಈ ವಿಷಯದಲ್ಲಿ ಇದುವರೆಗೆ ಗಂಭೀರ ಸಂಶೋಧನೆ ನಡೆದಿಲ್ಲ. ನಡೆಸಬೇಕಾದವರೆಲ್ಲ ಸಾಕ್ಷ್ಯವನ್ನು ಬಾಯಲ್ಲಿಟ್ಟುಕೊಂಡಿದ್ದರು. ಲಭ್ಯವಿರುವ ಏಕೈಕ ಲಿಖಿತ ಆಕರವೆಂದರೆ ಮೂರನೇ ಕ್ಲಾಸಿನ ನನ್ನ ಮಗಳು ಸ್ಕೂಲಿಗೆ ಬರೆದ ‘ಸಂಕ್ರಾಂತಿ ಹಬ್ಬದ ಬಗ್ಗೆ ಹತ್ತು ವಾಕ್ಯ’. ಅದರ ಹತ್ತನೆಯ ವಾಕ್ಯ: ನಮ್ಮ ಮನೆಯ ಆನೆಗೆ ಸೊಂಡಿಲು ಇರುವುದಿಲ್ಲ. ಮಿಸ್ಸು ಅದಕ್ಕೆ ಕೆಂಪು ಇಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದರು. ಪ್ರಸ್ತುತ ಪ್ರಬಂಧ ಆ ಚಿಹ್ನೆಗೆ ಉತ್ತರ.

ಮೊದಲು ಪದಾರ್ಥ ನಿರ್ಣಯ. ಹಳೇ ಮೈಸೂರು ಕಡೆ ‘ಎಳ್ಳು’ ಎಂದರೆ ಬರೀ ಎಳ್ಳಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಎಂಬ ಐದರ ಸಮುದಾಯ. ಇದರಲ್ಲಿ ಎಳ್ಳು ಸಂಖ್ಯೆಯಲ್ಲಿ ಎಲ್ಲಕ್ಕಿಂತ ಹೆಚ್ಚು, ಮರ್ಯಾದೆಯಲ್ಲಿ ಎಲ್ಲಕ್ಕಿಂತ ಕಡಿಮೆ. ಹಬ್ಬಕ್ಕೆ ಎರಡು ವಾರ ಇರುವಾಗಲೇ ಅಮ್ಮ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಅಡಕತ್ತರಿಯಲ್ಲಿ ಬೆಲ್ಲ ಕತ್ತರಿಸಿ, ಎರಡನ್ನೂ ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಒಣಗಲು ಹರಡುತ್ತಾರೆ. ಕಾಗೆ ಕಾಯಲು ಒಂದನೇ ಕ್ಲಾಸಿನ ನನ್ನ ಮಗನನ್ನು ಕೂರಿಸಲಾಗುತ್ತದೆ. ಒಣಗಿದ ಕೊಬ್ಬರಿ ತೂಕ ಕಳೆದುಕೊಳ್ಳುವುದು ಸಹಜ. ಆದರೆ ನಮ್ಮ ತಾರಸಿಯಲ್ಲಿ ಅದು ಸಂಖ್ಯೆಯನ್ನೂ ಕಳೆದುಕೊಳ್ಳುತ್ತದೆ. ಕಾಗೆ ಬಂದಿತ್ತೇ ಎಂದರೆ ಹುಡುಗ ಬಾಯಿ ಬಿಡುವುದಿಲ್ಲ, ತಲೆಯಾಡಿಸುತ್ತಾನೆ.

ಇಲ್ಲೇ ಭೌತಶಾಸ್ತ್ರದ ಒಂದು ಪ್ರಕರಣ. ಬೇರೆ ಬೇರೆ ಗಾತ್ರದ ಕಾಳುಗಳಿರುವ ಡಬ್ಬಿಯನ್ನು ಅಲುಗಿಸಿದರೆ ಸಣ್ಣವು ಸಂದಿಯಲ್ಲಿ ಜಾರಿ ತಳ ಸೇರುತ್ತವೆ, ದಪ್ಪವು ಮೇಲೆ ಬರುತ್ತವೆ. ವಿಜ್ಞಾನಿಗಳು ಇದಕ್ಕೆ ಬ್ರೆಜಿಲ್ ನಟ್ ಪರಿಣಾಮ ಎಂದು ಹೆಸರಿಟ್ಟಿದ್ದಾರೆ. ನನ್ನ ಮಗ ಯಾವ ಗ್ರಂಥದ ನೆರವೂ ಇಲ್ಲದೆ ಇದನ್ನು ಸ್ವತಂತ್ರವಾಗಿ ಕಂಡುಕೊಂಡ. ಬಡಿಸಿಕೊಳ್ಳುವ ಮೊದಲು ಡಬ್ಬಿಯನ್ನು ಎದೆಗವಚಿಕೊಂಡು ಎಂಟು ಸಲ ಕುಲುಕುತ್ತಾನೆ. ಮೇಲೆ ಬಂದ ಕೊಬ್ಬರಿ, ಕಡಲೆಬೀಜ ಅವನ ಪಾಲು. ತಳದ ಎಳ್ಳು ಶಿವರಾತ್ರಿಯವರೆಗೂ ನನ್ನ ಪಾಲು.

ಇನ್ನು ಎಳ್ಳು ಬೀರುವ ವಿಧಿ. ಸಂಜೆ ಐದಕ್ಕೆ ಹೊರಡಬೇಕು. ಗವಿಪುರದ ಗವಿಗಂಗಾಧರೇಶ್ವರನ ಗುಡಿಯಲ್ಲಿ ಅದೇ ಸಂಜೆ ಸೂರ್ಯ ತನ್ನ ಹೊತ್ತಿಗೆ ಸರಿಯಾಗಿ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟಿ ಹೋಗಿರುತ್ತಾನೆ. ನಮ್ಮಲ್ಲಿ ಮಗನ ಪಂಚೆ ಇನ್ನೂ ಸೊಂಟದಲ್ಲಿ ನಿಂತಿರುವುದಿಲ್ಲ. ಮಗಳು ರೇಷ್ಮೆ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಅಚ್ಚು, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಮನೆ ಮನೆಗೆ ಹೋಗುತ್ತಾಳೆ. ಕೊಟ್ಟಷ್ಟೇ ತರುತ್ತಾಳೆ. ಕೊಟ್ಟದ್ದನ್ನೇ ತರುತ್ತಾಳೆ ಎಂಬುದು ಈ ವರ್ಷದ ಶೋಧ. ನಾಲ್ಕನೇ ಮಹಡಿಯವರು ಕೊಟ್ಟ ಪೊಟ್ಟಣಕ್ಕೆ ನನ್ನ ಹೆಂಡತಿ ಸೊಟ್ಟಗೆ ಹೊಡೆದಿದ್ದ ಸ್ಟೇಪ್ಲರ್ ಪಿನ್ ಇತ್ತು.

“ಅಮ್ಮಾ, ಇದು ನಮ್ದೇ ಕವರ್ರು!”

“ಶ್! ಎಳ್ಳು ತಿಂದು ಒಳ್ಳೇ ಮಾತಾಡು.”

“ಇನ್ನೂ ತಿಂದಿಲ್ವಲ್ಲ.”

ರಾತ್ರಿ ಮಗಳು ಇನ್ನೊಂದು ಪ್ರಶ್ನೆ ಎತ್ತಿದಳು. ದಸರೆಗೆ ಅಷ್ಟು ದಿನ ರಜೆ, ಇದಕ್ಕೆ ಒಂದೇ ದಿನ ಯಾಕೆ? ಪ್ರಸ್ತುತ ವಿಷಯಕ್ಕೆ ಸಂಬಂಧವಿಲ್ಲದಿದ್ದರೂ ಪಂಡಿತನಾದವನು ಸುಮ್ಮನಿರುವಂತಿಲ್ಲ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21-22ರ ಹೊತ್ತಿಗೆ. ನಾವು ಹಬ್ಬ ಮಾಡುವುದು ಪಂಚಾಂಗದ ಪ್ರಕಾರ ಅವನು ಮಕರ ರಾಶಿಗೆ ಬಂದಾಗ. ಭೂಮಿಯ ಅಕ್ಷ ಬುಗುರಿಯ ಹಾಗೆ ವಾಲಾಡುವುದರಿಂದ ಈ ಅಂತರ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಬೆಳೆಯುತ್ತಿದೆ. ಹೀಗೇ ಹೋದರೆ ಸಂಕ್ರಾಂತಿ ಏಪ್ರಿಲ್ ಎರಡನೇ ವಾರದ ಬೇಸಿಗೆ ರಜೆಯನ್ನು ತಲುಪಲು ಇನ್ನು 6,200 ವರ್ಷ ಸಾಕು ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಷ್ಟೊತ್ತಿಗೆ ನಾನು ಹೈಸ್ಕೂಲಲ್ಲಿ ಇರ್ತೀನಿ” ಎಂದಳು.

ಸೊಂಡಿಲಿಗೆ ಮರಳೋಣ. ಪೂರ್ವಪಕ್ಷ ಹೀಗಿದೆ: ಮರದ ಅಚ್ಚನ್ನು ನೀರಲ್ಲಿ ನೆನೆಸಿ, ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿದು, ಹಾಲು ಹಾಕಿ ಕೊಳೆ ತೆಗೆದ ಸಕ್ಕರೆ ಪಾಕ ಹುಯ್ಯುತ್ತಾರೆ, ಬಿಡಿಸುವಾಗ ತೆಳುವಾದ ಸೊಂಡಿಲು ಮುರಿಯುತ್ತದೆ, ಆದ್ದರಿಂದ ಯಾರದ್ದೂ ತಪ್ಪಿಲ್ಲ. ಇದು ನನ್ನ ಮಗನ ವಾದ. ಖಂಡನೆ: ಹಾಗಾದರೆ ಮುರಿದ ಸೊಂಡಿಲುಗಳೆಲ್ಲಿ? ವಾದಿ ಮೌನ.

ಗೌತಮನ ನ್ಯಾಯದರ್ಶನದಲ್ಲಿ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷ ನಮಗೆ ಸಿಗಲಿಲ್ಲ, ಏಕೆಂದರೆ ಹನ್ನೊಂದು ಗಂಟೆಗೆ ಎಲ್ಲರೂ ಮಲಗಿದ್ದರು ಅಥವಾ ಮಲಗಿದಂತಿದ್ದರು. ಅನುಮಾನಕ್ಕೆ ತಾರ್ಕಿಕರ ಹಳೇ ದೃಷ್ಟಾಂತ ಬೆಟ್ಟದ ಮೇಲಿನ ಹೊಗೆ, ಹೊಗೆಯಿದ್ದಲ್ಲಿ ಬೆಂಕಿ. ನಮ್ಮಲ್ಲಿ ಬೆಟ್ಟದ ಬದಲು ಮಗನ ಸ್ಕೂಲ್ ಬ್ಯಾಗು, ಹೊಗೆಯ ಬದಲು ಜಿಪ್ಪಿನವರೆಗೆ ಸಾಲು ಹಚ್ಚಿದ ಕಟ್ಟಿರುವೆ. ಉಪಮಾನ ಇನ್ನೂ ಖಚಿತ. ಹುಡುಗನ ಮುಂದಿನ ಮೇಲು ಹಲ್ಲುಗಳೆರಡು ಡಿಸೆಂಬರಿನಲ್ಲಿ ಬಿದ್ದಿವೆ. ಐದು ಆನೆಗಳ ಮುಖವನ್ನು ದೀಪಕ್ಕೆ ಹಿಡಿದು ನೋಡಿದಾಗ, ಕಚ್ಚಿದ ಜಾಗದ ಎರಡು ಪಕ್ಕ ತಗ್ಗು, ನಟ್ಟನಡುವೆ ಸಕ್ಕರೆಯ ಸಣ್ಣ ದಿಣ್ಣೆ. ಬಾಯಿ ತೆರೆಸಿ ಹೋಲಿಸಿದೆ. ದಿಣ್ಣೆ ಸಂದಿಗೆ ಸರಿಯಾಗಿ ಕೂತಿತು.

ಆದರೆ ಆರನೆಯ ಆನೆಯಿತ್ತು. ಅದಕ್ಕೆ ದಿಣ್ಣೆಯಿಲ್ಲ, ಹಲ್ಲಿನ ಗುರುತೇ ಇಲ್ಲ. ಸೊಂಡಿಲನ್ನು ಬುಡಕ್ಕೆ ನೀಟಾಗಿ, ಒಂದೇ ಏಟಿಗೆ ಕತ್ತರಿಸಲಾಗಿತ್ತು.

ಉಳಿದದ್ದು ನಾಲ್ಕನೆಯ ಪ್ರಮಾಣ, ಆಪ್ತವಾಕ್ಯ. ಮನೆಯಲ್ಲಿ ಆಪ್ತರೆಂದರೆ ಅಮ್ಮ. ಹದಿನೈದು ವರ್ಷದಿಂದ ಶುಗರ್ ಇರುವವರು, ಕಾಫಿಗೂ ಸಕ್ಕರೆ ಹಾಕಿಕೊಳ್ಳದವರು, ಈ ವಿಷಯದಲ್ಲಿ ಅವರಿಗಿಂತ ನಿಷ್ಪಕ್ಷಪಾತಿ ಸಾಕ್ಷಿ ಯಾರು? ಕೇಳಿದೆ.

“ಇರುವೆ ತಿಂದಿರತ್ತೆ ಕಣೋ. ಮಗೂನ ಸುಮ್ನೆ ಗೋಳು ಹುಯ್ಕೋಬೇಡ” ಎಂದು ಎಲೆ ಅಡಿಕೆ ತಟ್ಟೆಯನ್ನು ಸೆರಗಿನ ಮರೆಗೆ ಸರಿಸಿಕೊಂಡರು. ಮೊಮ್ಮಗ ಅಜ್ಜಿಯ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಅವನ ಒಂದು ಕೆನ್ನೆ ಉಬ್ಬಿತ್ತು.

ಮಧ್ಯಾಹ್ನ ಅವರು ಮಲಗಿದ ಮೇಲೆ ಸಂಶೋಧನೆಯ ದೃಷ್ಟಿಯಿಂದ ತಟ್ಟೆಯಲ್ಲಿದ್ದ ಅಡಕತ್ತರಿಯನ್ನು ತೆಗೆದು ನೋಡಿದೆ. ಅಲಗಿನ ಮೇಲೆ ತೆಳುವಾಗಿ ಬಿಳಿ ಪುಡಿ ಇತ್ತು. ಎಲೆಗೆ ಹಚ್ಚುವ ಸುಣ್ಣವಿರಬಹುದು ಎಂದುಕೊಂಡು ಬೆರಳಲ್ಲಿ ಒರೆಸಿ ನಾಲಿಗೆಗೆ ತಾಗಿಸಿದೆ.

ಸುಣ್ಣವಲ್ಲ.