ಐದೂವರೆ ಮನೆಯ ಹೆಸರೇನು?

ನಮ್ಮ ಹಾರ್ಮೋನಿಯಂನವರು ಜಾಣರು. ಐದಕ್ಕೂ ಆರಕ್ಕೂ ನಡುವಿನ ಕಪ್ಪು ಮನೆಯನ್ನು ‘ಐದೂವರೆ’ ಎಂದುಬಿಡುತ್ತಾರೆ, ವ್ಯಾಜ್ಯ ಮುಗಿಯಿತು. ಪಾಶ್ಚಾತ್ಯರ ಐದುಗೆರೆಯ ಹಾಳೆಯಲ್ಲಿ ಅಷ್ಟು ಸಲೀಸಲ್ಲ. ಅಲ್ಲಿ ಅದೇ ಮನೆ ಜಿಯನ್ನು ಅರ್ಧ ಮನೆ ಏರಿಸಿದ ಜಿ ಶಾರ್ಪೂ ಹೌದು, ಎಯನ್ನು ಅರ್ಧ ಮನೆ ಇಳಿಸಿದ ಎ ಫ್ಲಾಟೂ ಹೌದು. ಪಿಯಾನೊ ಮುಂದೆ ಕೂತವನ ಬೆರಳಿಗೆ ಎರಡೂ ಒಂದೇ, ಕಿವಿಗೂ ಒಂದೇ. ಆದರೂ ಒಂದರ ಬದಲು ಇನ್ನೊಂದು ಬರೆದರೆ ಮೇಷ್ಟ್ರ ಹುಬ್ಬು ಗಂಟಿಕ್ಕುತ್ತದೆ.

ಮೇಷ್ಟ್ರ ಕೋಪಕ್ಕೆ ಕಾರಣವಿದೆ. ಎ ಮೇಜರ್ ಸ್ಕೇಲನ್ನೇ ನೋಡಿ: ಎ, ಬಿ, ಸಿ ಶಾರ್ಪ್, ಡಿ, ಇ, ಎಫ್ ಶಾರ್ಪ್, ಜಿ ಶಾರ್ಪ್. ಏಳು ಅಕ್ಷರ, ತಲಾ ಒಂದು ಎಲೆ. ಕೊನೆಯದನ್ನು ಎ ಫ್ಲಾಟ್ ಎಂದು ಬರೆದಿರೋ, ಎ ಮಹಾಶಯ ಎರಡು ಎಲೆ ಹಿಡಿದು ಕೂತ, ಜಿ ಪಂಕ್ತಿಯಿಂದಲೇ ಎದ್ದುಹೋದ.

ಇದನ್ನು ಕೇಳಿ ನಾವು ನಗುವಂತಿಲ್ಲ. ಕರ್ನಾಟಕ ಸಂಗೀತದಲ್ಲೂ 12 ಸ್ವರಸ್ಥಾನಗಳಿಗೆ 16 ಹೆಸರು. ಶಂಕರಾಭರಣದಲ್ಲಿ ಚತುಃಶ್ರುತಿ ರಿಷಭವೆನಿಸಿಕೊಂಡ ಮನೆಯೇ ಕನಕಾಂಗಿಯಲ್ಲಿ ಶುದ್ಧ ಗಾಂಧಾರ. ಅಲ್ಲಿ ರಿಷಭದ ಜಾಗವನ್ನು ಶುದ್ಧ ರಿಷಭ ಆಗಲೇ ಹಿಡಿದಾಗಿದೆಯಲ್ಲ! 72 ಮೇಳಕರ್ತಗಳಲ್ಲಿ 40 ವಿವಾದಿ ಮೇಳಗಳು ನಿಂತಿರುವುದೇ ಈ ಏರ್ಪಾಡಿನ ಮೇಲೆ. ಒಂದು ಸ್ವರಕ್ಕೆ ಯಾವ ಹೆಸರು ಎಂಬುದನ್ನು ಅದು ಕೂತ ಮನೆಯೊಂದೇ ತೀರ್ಮಾನಿಸುವುದಿಲ್ಲ, ಅಕ್ಕಪಕ್ಕದವರನ್ನೂ ಕೇಳಬೇಕು.

ಹಾಗೆಂದು ಶಾಸ್ತ್ರ ಸದಾ ಗೆಲ್ಲುತ್ತದೆಯೇ? ಪಿಯಾನೊ ಕೃತಿಗಳ ರಚನಕಾರ ಶೋಪಾನ್‌ನ ಓಪಸ್ 28ರ ಪ್ರಿಲ್ಯೂಡ್‌ಗಳು ಅಚ್ಚಾದದ್ದು 1839ರಲ್ಲಿ. ಅವುಗಳಲ್ಲಿ 15ನೆಯದಕ್ಕೆ ‘ಮಳೆಹನಿ’ ಎಂಬ ಅಡ್ಡಹೆಸರು ಅಂಟಿಕೊಂಡಿದೆ. ನಮ್ಮ ಐದೂವರೆಯೇ ಅದರಲ್ಲಿ ಟಪ್ ಟಪ್ ಎಂದು ತೊಟ್ಟಿಕ್ಕುತ್ತಲೇ ಇರುತ್ತದೆ. ಮೊದಲ ಭಾಗ ಡಿ ಫ್ಲಾಟ್ ಮೇಜರ್. ಅಲ್ಲಿ ಹನಿಯ ಹೆಸರು ಎ ಫ್ಲಾಟ್. ನಡುವೆ ಸಂಗೀತ ಮೈನರ್‌ಗೆ ಹೊರಳಿ ಮುಖ ಕಪ್ಪಿಡುತ್ತದೆ. ಅದೇ ಹನಿ, ಅದೇ ಮನೆ, ಹಾಳೆಯಲ್ಲಿ ಮಾತ್ರ ಈಗ ಜಿ ಶಾರ್ಪ್!

ಲೆಕ್ಕಪ್ರಕಾರ ಆ ಭಾಗ ಡಿ ಫ್ಲಾಟ್ ಮೈನರ್ ಆಗಬೇಕಿತ್ತು. ಆದರೆ ಅದಕ್ಕೆ ಎಂಟು ಫ್ಲಾಟ್ ಬೇಕು. ಇರುವುದು ಏಳೇ ಅಕ್ಷರ. ಪಾಪ, ಬಿ ಒಂದೇ ಎರಡೆರಡು ಫ್ಲಾಟ್ ಹೊರಬೇಕು. ಶೋಪಾನ್ ಅದನ್ನು ಸಿ ಶಾರ್ಪ್ ಮೈನರ್ ಎಂದು ಬರೆದ, ನಾಲ್ಕು ಶಾರ್ಪಿನಲ್ಲಿ ಕೆಲಸ ಮುಗಿಯಿತು. ವ್ಯಾಕರಣ ಬಲ್ಲವನೇ ವ್ಯಾಕರಣ ಸಡಿಲಿಸಿದಾಗ ಮೇಷ್ಟ್ರೂ ಸುಮ್ಮನಿರುತ್ತಾರೆ. ಎರಡು ಕೈ, ಎರಡು ಸಾಲು, ಒಂದು ಪೆಡಲ್ ಸಂಭಾಳಿಸುವ ಬಡಪಾಯಿಗೆ ಎಂಟು ಫ್ಲಾಟಿನ ಸತ್ಯಕ್ಕಿಂತ ನಾಲ್ಕು ಶಾರ್ಪಿನ ರಾಜಿಯೇ ವಾಸಿ ಎಂದು ಅವರಿಗೂ ಗೊತ್ತು.